ಎಂಆರ್‌ಐ ಎರಡನೇ ಸಲ ಮಾಡಿಸಿದ್ದು ಯಾಕೆ

ಗುದನಾಳದ ತೀರಾ ಕೆಳಗಿನ ಕ್ಯಾನ್ಸರ್ ಇರುವವರು ಬಂದರೆ ಆಪರೇಷನ್‌ಗೆ ಮೊದಲು ಸರ್ಜನ್ ಆದ ನನಗಿರುವ ಚಿಂತೆ ಒಂದೇ. ಮಲ ತಡೆಯುವ ಸ್ನಾಯು ಉಳಿಸಬಹುದಾ, ಇಲ್ಲ ಮಲ ಹೋಗಲು ಹೊಟ್ಟೆಯ ಮೇಲೆ ಕಾಯಂ ಚೀಲ ಹಾಕಬೇಕಾ?

ಒಬ್ಬ ರೈತರು ಬಂದಿದ್ದರು. ರಕ್ತ ಹೋಗುತ್ತಿದ್ದರೂ ಮೂಲವ್ಯಾಧಿ ಅಂದುಕೊಂಡು ಆರು ತಿಂಗಳು ಲೇಹ್ಯ ತಿಂದವರು. ಬೆರಳು ಹಾಕಿ ನೋಡಿದೆ. ಗಡ್ಡೆ ಹಿಂಭಾಗದಲ್ಲಿ, ಗುದದ್ವಾರದಿಂದ ಸುಮಾರು 4 ಸೆಂ.ಮೀ. ಮೇಲೆ ಇತ್ತು, ಒತ್ತಿದರೆ ಅಲ್ಲಾಡುತ್ತಿತ್ತು. "ಮಲ ತಡೆದುಕೊಳ್ಳೋ ಹಾಗೆ ಬಿಗಿ ಮಾಡಿ" ಅಂದೆ. ಸ್ನಾಯು ಬೆರಳನ್ನು ಹಿಂಡಿದ ಜಾಗಕ್ಕಿಂತ ಗಡ್ಡೆಯ ಕೆಳ ಅಂಚು ಸ್ವಲ್ಪ ಮೇಲೇ ಇತ್ತು. ಆದರೆ ಅವರು ಹೊರಗಡೆ ಮಾಡಿಸಿ ತಂದಿದ್ದ ಎಂಆರ್‌ಐ ರಿಪೋರ್ಟಲ್ಲಿ ಗಡ್ಡೆ ಲಿವೇಟರ್ ಸ್ನಾಯುವಿಗೆ (ಗುದನಾಳವನ್ನು ಕೆಳಗಿನಿಂದ ಎತ್ತಿ ಹಿಡಿಯುವ ಸ್ನಾಯು) ಹಿಡಿದಿದೆ ಅಂತ ಬರೆದಿತ್ತು. ಹಾಗಿದ್ದರೆ ಚೀಲವೇ ಗತಿ.

ನಾನು ರಿಪೋರ್ಟ್ ಓದಿ ಸುಮ್ನೆ ಕೂರುವುದಿಲ್ಲ, ಚಿತ್ರಗಳನ್ನು ತೆರೆದು ನೋಡುತ್ತೇನೆ. ಸ್ಲೈಸ್‌ಗಳು 5 ಮಿ.ಮೀ. ದಪ್ಪ, ಅದೂ ಮೈಗೆ ನೇರ ಅಡ್ಡವಾಗಿ ತೆಗೆದದ್ದು. ಗುದನಾಳ ಕೆಳಗೆ ಬರುತ್ತಾ ಬಾಗುತ್ತದಲ್ವಾ, ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಸಿಪ್ಪೆ ದಪ್ಪ ಕಾಣುವ ಹಾಗೆ ಇಲ್ಲೂ ಗಡ್ಡೆ, ಸ್ನಾಯು ಎಲ್ಲ ಒಂದಕ್ಕೊಂದು ಮೆತ್ತಿಕೊಂಡಂತೆ ಕಾಣುತ್ತದೆ. ಮೇಲ್ಭಾಗದಲ್ಲಿ ಗುದನಾಳದ ಸುತ್ತ ಕೊಬ್ಬು ದಂಡಿಯಾಗಿರುತ್ತದೆ, ಸಣ್ಣ ತಪ್ಪು ನಡೆಯುತ್ತದೆ. ಕೆಳಗೆ ಆ ಕೊಬ್ಬು ಸವೆದು ಬರೀ ಎಳೆಯಷ್ಟು ಉಳಿಯುತ್ತದೆ. ನಾವು ಜಗಳ ಆಡುವುದು 1 ಮಿ.ಮೀ. ಅಂತರಕ್ಕೆ!

ರೇಡಿಯಾಲಜಿಸ್ಟ್ ಜೊತೆ ಕನ್ಸೋಲ್ ಮುಂದೆ ಕೂತು ಮತ್ತೆ ಮಾಡಿಸಿದೆ. ಟಿ2 (ಕೊಬ್ಬು ಬಿಳಿಯಾಗಿ, ಸ್ನಾಯು ಕಪ್ಪಾಗಿ ಕಾಣುವ ಬಗೆಯ ಚಿತ್ರ), 3 ಮಿ.ಮೀ. ಸ್ಲೈಸ್, ಗಡ್ಡೆ ಇರುವ ಜಾಗದಲ್ಲಿ ಗುದನಾಳಕ್ಕೆ ಲಂಬವಾಗಿ. ಜೊತೆಗೆ ಗುದದ್ವಾರದ ಕೊಳವೆಯ ಉದ್ದಕ್ಕೂ ಒಂದು ಕರೋನಲ್, ಅಂದರೆ ಎದುರಿನಿಂದ ನೋಡಿದಂತೆ ಕಾಣುವ ಚಿತ್ರ. ಇಂಜೆಕ್ಷನ್ ಡೈ ಬೇಕಿರಲಿಲ್ಲ. ಆ ಕರೋನಲ್‌ನಲ್ಲಿ ಕಪ್ಪು ಸ್ನಾಯುವಿಗೂ ಬೂದು ಗಡ್ಡೆಗೂ ನಡುವೆ ಬಿಳಿ ಗೆರೆಯೊಂದು ಕಂಡಿತು. ಕೊಬ್ಬು! ಬೆರಳಿಗೆ ಸಿಕ್ಕಿದ್ದು ಸುಳ್ಳಲ್ಲ.

ಆದರೂ ಕತ್ತಿ ಹಿಡಿಯಲು ಆತುರ ಪಡಲಿಲ್ಲ. ಮೊದಲು ರೇಡಿಯೇಷನ್, ಮಾತ್ರೆಯ ಕೀಮೋ. ಮುಗಿದು 8 ವಾರಕ್ಕೆ ಅದೇ ಕೋನದಲ್ಲಿ ಇನ್ನೊಂದು ಎಂಆರ್‌ಐ. ಗಡ್ಡೆ ಕುಗ್ಗಿ ಕಪ್ಪಾಗಿತ್ತು. ಆ ಕಪ್ಪು ಬರೀ ಗಾಯದ ಕಲೆಯಾ, ಒಳಗೆ ಕ್ಯಾನ್ಸರ್ ಉಳಿದಿದೆಯಾ ಅಂತ ಖಚಿತವಾಗಿ ಹೇಳುವುದು ಕಷ್ಟ, ಅದಕ್ಕೇ ಮತ್ತೆ ಬೆರಳು, ಮತ್ತೆ ಸ್ಕೋಪ್ (ಕ್ಯಾಮೆರಾ ಕೊಳವೆ ಹಾಕಿ ಒಳಗೆ ನೋಡುವುದು). ಮಲ ತಡೆಯುವ ಸ್ನಾಯುಗಳಲ್ಲಿ ಒಳಸ್ನಾಯು ತೆಗೆದು ಹೊರಸ್ನಾಯು ಉಳಿಸುವ ಆಪರೇಷನ್ ಅಂತ ಕೊನೆಗೆ ನಿರ್ಧಾರವಾಯಿತು, ಕೆಲವು ತಿಂಗಳ ಮಟ್ಟಿಗೆ ತಾತ್ಕಾಲಿಕ ಚೀಲ.

ಅವರನ್ನು ಕೂರಿಸಿ ಹೇಳಿದೆ, ಚೀಲ ತೆಗೆದ ಮೇಲೂ ದಿನಕ್ಕೆ ಆರೇಳು ಸಲ ಹೋಗಬೇಕಾಗಬಹುದು, ಅವಸರ ತಡೆಯುವುದು ಕಷ್ಟ ಆಗಬಹುದು.

"ಬಸ್ಸಲ್ಲಿ ಊರಿಗೆ ಹೋಗಬಹುದಾ ಡಾಕ್ಟ್ರೇ?" ಅಂದರು.

"ಮೊದಮೊದಲು ಟಾಯ್ಲೆಟ್ ಎಲ್ಲಿದೆ ನೋಡಿಕೊಂಡೇ ಹೊರಡಬೇಕು" ಅಂದೆ. ಅವರು ಹೆಂಡತಿಯ ಮುಖ ನೋಡಿದರು. "ರೈಲಲ್ಲಿ ಹೋದರಾಯ್ತು" ಅಂದರು ಆಕೆ.