ನಿಕಲ್ ಟ್ಯಾಂಕಿನ ಎಲೆಕ್ಟ್ರಾನ್ ಲೆಕ್ಕ

ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಪ್ಲೇಟಿಂಗ್ ಶಾಪ್, ಅಂದರೆ ಸಾಮಾನುಗಳ ಮೇಲೆ ಕರೆಂಟಿನಿಂದ ಲೋಹದ ತೆಳು ಪದರ ಕೂರಿಸುವ ಕೆಲಸ. ನಿಕಲ್, ತಾಮ್ರ, ಜಿಂಕ್, ಸ್ವಲ್ಪ ಕ್ರೋಮ್. ಬೋಲ್ಟು, ಬ್ರಾಕೆಟ್ಟು, ಬಾಗಿಲ ಹಿಡಿಕೆ, ಯಾರು ಏನು ತಂದರೂ ನಮಗೆ ಅದು ‘ಜಾಬು’. ಹೊಸದಾಗಿ ಬರುವ ಹುಡುಗರಿಗೆ ಮೊದಲು ರ‍್ಯಾಕಿಗೆ ಜಾಬ್ ಕಟ್ಟೋದು ಹೇಳಿಕೊಡುತ್ತೇನೆ. ಆಮೇಲೆ ಎಲೆಕ್ಟ್ರಾನ್ ಲೆಕ್ಕ. “ಅದೆಲ್ಲ ಪಿಯುಸಿಗೇ ಮುಗೀತಲ್ಲ ಸಾರ್” ಅನ್ನುತ್ತಾರೆ. ಮುಗಿದಿಲ್ಲ. ನಮ್ಮ ಶಾಪಿನಲ್ಲಿ ದಿನವಿಡೀ ನಡೆಯೋದು ಅದೊಂದೇ. ಒಂದು ಕಡೆ ಲೋಹ ತನ್ನ ಹೊರಗಿನ ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗೆ ಇಳಿಯುತ್ತದೆ. ಇನ್ನೊಂದು ಕಡೆ ಎಲೆಕ್ಟ್ರಾನ್ ವಾಪಸ್ ಪಡೆದು ಜಾಬಿನ ಮೇಲೆ ಕೂರುತ್ತದೆ. ತೊಳೆಯೋದು, ಉಜ್ಜೋದು, ಆಸಿಡ್ಡಿಗೆ ಅದ್ದೋದು ಎಲ್ಲ ಇದಕ್ಕೆ ತಯಾರಿ.

ನಿಕಲ್ ಟ್ಯಾಂಕಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದರ ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಅಚ್ಚ ಹಸಿರು. ಪಕ್ಕದಲ್ಲೇ ಆನೋಡ್ (ಕರೆಂಟಿನ ಪ್ಲಸ್ ಕಡೆ) ಬುಟ್ಟಿಗೆ ಹಾಕಲು ಇಟ್ಟಿರುವ ನಿಕಲ್ ತುಂಡುಗಳು ಬೆಳ್ಳಗೆ ಹೊಳೆಯುತ್ತಿರುತ್ತವೆ. “ಈ ನೀರಲ್ಲಿ ನಿಕಲ್ ಎಲ್ಲಿದೆ ಸಾರ್?” ಅಂತ ಪ್ರತಿಯೊಬ್ಬ ಹುಡುಗನೂ ಕೇಳುತ್ತಾನೆ. ಆ ಹಸಿರೇ ನಿಕಲ್ಲು ನೋಡಪ್ಪ ಅನ್ನುತ್ತೇನೆ. ಕೈಯಲ್ಲಿರುವ ತುಂಡಿಗೂ ಹಸಿರು ನೀರಲ್ಲಿರುವುದಕ್ಕೂ ಇರುವ ವ್ಯತ್ಯಾಸ ಒಂದೊಂದು ಪರಮಾಣುವಿಗೆ ಎರಡೇ ಎರಡು ಎಲೆಕ್ಟ್ರಾನ್.

ನಿಕಲ್ ಪರಮಾಣುವಿನಲ್ಲಿ 28 ಪ್ರೋಟಾನ್, 28 ಎಲೆಕ್ಟ್ರಾನ್. ಎಲೆಕ್ಟ್ರಾನ್‌ಗಳು ಕವಚಗಳಲ್ಲಿ 2, 8, 16, 2 ಅಂತ ಹಂಚಿಕೊಂಡಿರುತ್ತವೆ. ಆ ಕೊನೆಯ ಎರಡು ಹೋದರೆ ಒಳಗೆ ಪ್ರೋಟಾನ್ 28 ಹಾಗೇ ಇರುತ್ತದೆ, ಎಲೆಕ್ಟ್ರಾನ್ 26ಕ್ಕೆ ಇಳಿಯುತ್ತದೆ. ಹಾಗಾಗಿ ಎರಡು ಪ್ಲಸ್. ಕಳೆದುಕೊಂಡರೆ ಪ್ಲಸ್ ಹೇಗಾಗುತ್ತದೆ ಎಂಬುದು ಹುಡುಗರಿಗೆ ತಲೆ ತಿನ್ನುವ ಪ್ರಶ್ನೆ. ಕಳೆದುಹೋದದ್ದು ಮೈನಸ್, ಅಷ್ಟೇ. ಹೀಗೆ ಚಾರ್ಜ್ ಬಂದ ಪರಮಾಣುವೇ ಅಯಾನು. ಈ ನಿಕಲ್ ಅಯಾನಿನ ಸುತ್ತ ಆರು ನೀರಿನ ಅಣುಗಳು ಮುತ್ತಿಕೊಂಡಾಗ ಆ ಹಸಿರು ಬರುತ್ತದೆ.

ಶಾಲೆಯಲ್ಲಿ ಕಲಿತ ‘ಹೊರಕವಚದಲ್ಲಿ ಎಂಟಾಗಬೇಕು’ ಎಂಬ ಮಾತನ್ನು ಹುಡುಗರು ಇಲ್ಲಿಗೂ ತರುತ್ತಾರೆ. ಸೋಡಿಯಂ, ಕ್ಲೋರಿನ್ ಮಟ್ಟಿಗೆ ಅದು ಸರಿ. ಸೋಡಿಯಂನ ಮೊದಲ ಎಲೆಕ್ಟ್ರಾನ್ ಕೀಳಲು ಒಂದು ಮೋಲ್‌ಗೆ (ಡಜನ್ ಇದ್ದ ಹಾಗೆ, ಪರಮಾಣುಗಳನ್ನು ಎಣಿಸುವ ದೊಡ್ಡ ಲೆಕ್ಕ) 496 ಕಿಲೋಜೂಲ್ ಸಾಕು. ಎರಡನೆಯದಕ್ಕೆ 4562 ಬೇಕು. ಆ ಬೆಲೆ ತೆರುವವರು ಯಾರೂ ಇಲ್ಲ, ಅದಕ್ಕೇ ಅದು ಒಂದು ಪ್ಲಸ್‌ಗೇ ನಿಲ್ಲುತ್ತದೆ. ಆದರೆ ನಮ್ಮ ಟ್ಯಾಂಕುಗಳಲ್ಲಿ ಎಂಟರ ನಿಯಮ ನಡೆಯೋದಿಲ್ಲ. ನಿಕಲ್ ಅಯಾನಿನ ಹೊರಗೆ 16 ಉಳಿಯುತ್ತದೆ, ಜಿಂಕ್‌ನಲ್ಲಿ 18. ಪರಮಾಣುವಿಗೆ ಎಂಟರ ಆಸೆಯೇನೂ ಇಲ್ಲ. ಎಲೆಕ್ಟ್ರಾನ್ ಕೀಳಲು ಖರ್ಚಾಗೋದೆಷ್ಟು, ನೀರಿನ ಅಣುಗಳು ಅಯಾನನ್ನು ಸುತ್ತುವರಿದಾಗ ವಾಪಸ್ ಬರೋದೆಷ್ಟು, ಈ ಎರಡನ್ನೂ ನೋಡಬೇಕು.

ಇನ್ನೊಂದು ತಪ್ಪು ಕಲ್ಪನೆ ಕರೆಂಟಿನದು. ಕರೆಂಟ್ ಬಿಟ್ಟ ಮೇಲೆ ಉಪ್ಪು ಒಡೆದು ಅಯಾನುಗಳಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನಿಕಲ್ ಸಲ್ಫೇಟ್ ಮೂಟೆ ಬಿಚ್ಚಿದರೆ ಕಾಣುವ ಹಸಿರು ಹರಳಿನಲ್ಲೇ ನಿಕಲ್ ಎರಡು ಪ್ಲಸ್ ಆಗಿಯೇ ಇರುತ್ತದೆ. ನೀರು ಅವನ್ನು ಬಿಡಿಬಿಡಿ ಮಾಡುತ್ತದೆ, ಅಷ್ಟೇ. ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1880ರ ದಶಕದಲ್ಲೇ ಇದನ್ನು ಹೇಳಿದ್ದರು. ಮೊದಮೊದಲು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. 1903ರಲ್ಲಿ ಅದಕ್ಕೇ ನೊಬೆಲ್ ಬಂತು.

ಟ್ಯಾಂಕಿನಲ್ಲಿರುವುದು ವಾಟ್ಸ್ ಬಾತ್. ಆಲಿವರ್ ವಾಟ್ಸ್ ಅನ್ನುವವರು 1916ರಲ್ಲಿ ಕೊಟ್ಟ ಪಾಕ, ಇವತ್ತಿಗೂ ಹೆಚ್ಚುಕಡಿಮೆ ಅದೇ. ಲೀಟರಿಗೆ 250ರಿಂದ 300 ಗ್ರಾಂ ನಿಕಲ್ ಸಲ್ಫೇಟ್, 50 ಗ್ರಾಂ ಆಸುಪಾಸು ನಿಕಲ್ ಕ್ಲೋರೈಡ್, 40 ಗ್ರಾಂ ಬೋರಿಕ್ ಆಸಿಡ್. ಬಿಸಿ 50ರಿಂದ 60 ಡಿಗ್ರಿ, ಪಿಎಚ್ (ಆಸಿಡ್ ಗುಣದ ಅಳತೆ) 4ರ ಹತ್ತಿರ. ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ಯಂತ್ರ) ಹಾಕಿದರೆ ಅದು ಆನೋಡ್ ಕಡೆಯಿಂದ ಎಲೆಕ್ಟ್ರಾನ್ ಎಳೆದು, ಕೇಬಲ್ಲಿನಲ್ಲಿ ಸುತ್ತಿಸಿ, ಜಾಬಿಗೆ ತಳ್ಳುತ್ತದೆ. ಎಲೆಕ್ಟ್ರಾನ್ ಸೊಲ್ಯೂಷನ್ನಿನೊಳಗೆ ಈಜಿಕೊಂಡು ಬರುವುದಿಲ್ಲ. ನೀರಲ್ಲಿ ಓಡಾಡೋದು ಅಯಾನುಗಳು. ಆನೋಡಿನಲ್ಲಿ ಎರಡು ಎಲೆಕ್ಟ್ರಾನ್ ಬಿಟ್ಟ ನಿಕಲ್ ನೀರಿಗೆ ಇಳಿಯುತ್ತದೆ. ಜಾಬಿನ ಮುಖಕ್ಕೆ ಬಂದು ಮುಟ್ಟಿದ ಇನ್ಯಾವುದೋ ನಿಕಲ್ ಅಯಾನು ಎರಡು ಎಲೆಕ್ಟ್ರಾನ್ ಪಡೆದು ಲೋಹವಾಗುತ್ತದೆ. ಕ್ಲೋರೈಡ್ ಯಾಕೆ ಬೇಕೆಂದರೆ, ಅದಿಲ್ಲದಿದ್ದರೆ ಆನೋಡಿನ ಮೇಲೆ ಆಕ್ಸೈಡ್ ಪೊರೆ ಕಟ್ಟಿ ಅದು ಕರಗಲು ಮೊಂಡು ಹಿಡಿಯುತ್ತದೆ.

ಕೇಬಲ್ ಅದಲುಬದಲಾದರೆ ಜಾಬೇ ಕರಗುತ್ತದೆ. ಇದು ಅನಾಹುತವೂ ಹೌದು, ಉಪಯೋಗವೂ ಹೌದು. ಎಣ್ಣೆ, ಮಸಿ ತೆಗೆಯುವ ಎಲೆಕ್ಟ್ರೋ ಕ್ಲೀನಿಂಗ್ ಟ್ಯಾಂಕಿನಲ್ಲಿ ಕಬ್ಬಿಣದ ಜಾಬನ್ನು ಕೊನೆಗೆ ನಾವೇ ಬೇಕೆಂದು ಪ್ಲಸ್ ಕಡೆಗೆ ಕೊಡುತ್ತೇವೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಅಯಾನಿಗೆ ಎಷ್ಟು ಎಲೆಕ್ಟ್ರಾನ್ ಬೇಕೆಂದು ಗೊತ್ತಿದ್ದರೆ, ಆಂಪಿಯರ್ ಮೀಟರ್ ನೋಡಿ ಎಷ್ಟು ಲೋಹ ಕೂತಿತೆಂದು ಹೇಳಬಹುದು. ಒಂದು ಮೋಲ್ ಎಲೆಕ್ಟ್ರಾನ್ ಅಂದರೆ 96,485 ಕೂಲಂಬ್. ನಿಕಲ್‌ಗೆ ಎರಡು ಮೋಲ್ ಬೇಕು, ಅಷ್ಟಕ್ಕೆ 58.7 ಗ್ರಾಂ ಲೋಹ ಬರುತ್ತದೆ. ಅಂದರೆ ಒಂದು ಆಂಪಿಯರ್ ಒಂದು ಗಂಟೆ ಹರಿದರೆ 1.095 ಗ್ರಾಂ. ಹತ್ತು ಸೆಂಟಿಮೀಟರ್ ಚೌಕದ ಒಂದು ಮುಖಕ್ಕೆ 10 ಮೈಕ್ರಾನ್ ನಿಕಲ್ ಬೇಕೆಂದು ಪಾರ್ಟಿ ಕೇಳಿದರೆ, ಅದು 0.89 ಗ್ರಾಂ. ಆ ಮುಖಕ್ಕೆ 4 ಆಂಪಿಯರ್ ಕೊಟ್ಟರೆ 12 ನಿಮಿಷ ಚಿಲ್ಲರೆ. ಸ್ವಲ್ಪ ಎಲೆಕ್ಟ್ರಾನ್ ನೀರಲ್ಲಿರುವ ಹೈಡ್ರೋಜನ್ ಪಾಲಾಗುವುದರಿಂದ 13 ನಿಮಿಷ ಇಡುತ್ತೇವೆ. ಗೇಜ್ ಹಾಕಿ ನೋಡಿದರೆ ಸರಾಸರಿ ಅಷ್ಟೇ ಇರುತ್ತದೆ. ಅಂಚಿನಲ್ಲಿ ಜಾಸ್ತಿ, ಒಳಮೂಲೆಯಲ್ಲಿ ಕಡಿಮೆ. ಅದು ರ‍್ಯಾಕ್ ಕಟ್ಟುವವನ ಕೈಚಳಕ.

ತಾಮ್ರದಲ್ಲಿ ಈ ಲೆಕ್ಕ ಇನ್ನೂ ಮಜಾ. ಆಸಿಡ್ ಕಾಪರ್ ಟ್ಯಾಂಕಿನ ನೀಲಿ ನೀರಲ್ಲಿ ತಾಮ್ರ ಎರಡು ಪ್ಲಸ್. ಸಯನೈಡ್ ಕಾಪರ್ ಟ್ಯಾಂಕಿನಲ್ಲಿ ಒಂದೇ ಪ್ಲಸ್, ಆ ನೀಲಿಯೂ ಇಲ್ಲ. ತಾಮ್ರದ ಹೊರಕವಚದಲ್ಲಿ ಇರೋದೇ ಒಂದು ಎಲೆಕ್ಟ್ರಾನ್. ಎರಡನೆಯದನ್ನು ಒಳಗಿನ ಕವಚದಿಂದ ಕೊಡುತ್ತದೆ. ಹಾಗಾಗಿ ಒಂದು ಆಂಪಿಯರ್ ಗಂಟೆಗೆ ಆಸಿಡ್ ಟ್ಯಾಂಕಿನಲ್ಲಿ 1.19 ಗ್ರಾಂ ಬಂದರೆ, ಸಯನೈಡಿನಲ್ಲಿ ಲೆಕ್ಕದ ಪ್ರಕಾರ 2.37 ಗ್ರಾಂ. ಪೂರ್ತಿ ದಕ್ಕೋದಿಲ್ಲ, ಅಲ್ಲೂ ಹೈಡ್ರೋಜನ್ ಪಾಲು ಕೇಳುತ್ತದೆ. ಸಯನೈಡಿನ ವಿಷದ ಬಗ್ಗೆ ಹೇಳಬೇಕಾಗಿಲ್ಲ, ಆ ಟ್ಯಾಂಕಿನ ಹತ್ತಿರ ಆಸಿಡ್ ಬಕೆಟ್ ಸುಳಿಯಕೂಡದು.

ಇಷ್ಟು ಅಪಾಯ ಇಟ್ಟುಕೊಂಡು ಸಯನೈಡ್ ಯಾಕೆ ಅಂದರೆ, ಅದಕ್ಕೂ ಎಲೆಕ್ಟ್ರಾನೇ ಕಾರಣ. ಅಡಿಕೆ ತೋಟದವರಿಗೆ ಇದು ಗೊತ್ತಿರುವ ವಿಷಯ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಕತ್ತಿಯ ತುದಿಯನ್ನು ಅದ್ದಿ ತೆಗೆಯುತ್ತಾರೆ. ತುದಿ ಕೆಂಪಾದರೆ ಇನ್ನೂ ಸುಣ್ಣ ಬೇಕು. ಆ ಕೆಂಪು ತುಕ್ಕಲ್ಲ, ತಾಮ್ರ. ದ್ರಾವಣದಲ್ಲಿ ಇನ್ನೂ ಬಿಡಿಯಾಗಿರುವ ತಾಮ್ರದ ಅಯಾನು ಕತ್ತಿಯ ಕಬ್ಬಿಣದಿಂದ ಎರಡು ಎಲೆಕ್ಟ್ರಾನ್ ಕಿತ್ತುಕೊಂಡು ಲೋಹವಾಗಿ ಅಲ್ಲೇ ಅಂಟುತ್ತದೆ. ಕೊಟ್ಟ ಕಬ್ಬಿಣ ತಾನು ಅಯಾನಾಗಿ ನೀರಿಗೆ ಹೋಗುತ್ತದೆ. ರೆಕ್ಟಿಫೈಯರ್ ಇಲ್ಲ, ಬ್ಯಾಟರಿ ಇಲ್ಲ.

ನಮ್ಮ ಶಾಪಿನಲ್ಲಿ ಇದೇ ಕಾಟ. ಕಬ್ಬಿಣದ ಜಾಬನ್ನು ಸೀದಾ ಆಸಿಡ್ ಕಾಪರ್‌ಗೆ ಇಳಿಸಿದರೆ ಕರೆಂಟ್ ಕೊಡುವ ಮೊದಲೇ ತಾಮ್ರ ಹತ್ತಿಕೊಳ್ಳುತ್ತದೆ. ನೋಡಲು ಕೆಂಪಗೆ ಚೆನ್ನಾಗಿರುತ್ತದೆ. ಉಗುರಿನಲ್ಲಿ ಕೆರೆದರೆ ಪುಡಿಪುಡಿ. ಅದರ ಮೇಲೆ ಎಷ್ಟು ಚಂದದ ನಿಕಲ್ ಕೂರಿಸಿದರೂ ಸಿಪ್ಪೆ ಎದ್ದ ಹಾಗೆ ಎದ್ದು ಬರುತ್ತದೆ. ಸಯನೈಡ್ ತಾಮ್ರದ ಅಯಾನನ್ನು ಗಟ್ಟಿಯಾಗಿ ಹಿಡಿದಿಡುವುದರಿಂದ ಕಬ್ಬಿಣದ ಎಲೆಕ್ಟ್ರಾನ್ ಕೀಳಲು ಅದಕ್ಕೆ ಆಗೋದಿಲ್ಲ. ರೆಕ್ಟಿಫೈಯರ್ ಕೊಟ್ಟದ್ದನ್ನಷ್ಟೇ ತೆಗೆದುಕೊಳ್ಳುತ್ತದೆ. ಅದಕ್ಕೇ ಮೊದಲು ಅಲ್ಲೊಂದು ತೆಳು ಪದರ, ಆಮೇಲೆ ಆಸಿಡ್ ಕಾಪರ್. ಸಯನೈಡ್ ಬೇಡವೆಂದರೆ ಮೊದಲ ಪದರವನ್ನು ನಿಕಲ್‌ನಲ್ಲೇ ಕೊಡಬಹುದು. ನಾವೂ ಈಗ ಆಗುವ ಕಡೆಯೆಲ್ಲ ಅದನ್ನೇ ಮಾಡುತ್ತಿದ್ದೇವೆ.

ಯಾವ ಲೋಹ ಎಷ್ಟು ಸಲೀಸಾಗಿ ಎಲೆಕ್ಟ್ರಾನ್ ಕೊಡುತ್ತದೆ ಎಂಬ ಚಾರ್ಟನ್ನು ಗೋಡೆಗೆ ಅಂಟಿಸಿದ್ದೇನೆ. ಜಿಂಕ್ ಮೈನಸ್ 0.76 ವೋಲ್ಟ್, ಕಬ್ಬಿಣ ಮೈನಸ್ 0.44, ನಿಕಲ್ ಮೈನಸ್ 0.25, ತಾಮ್ರ ಪ್ಲಸ್ 0.34. ಮೈನಸ್ ಹೆಚ್ಚಾದಷ್ಟೂ ಕೊಡೋದು ಸಲೀಸು. ಬೋಲ್ಟಿಗೆ ಜಿಂಕ್ ಮಾಡಿ ಅಂತ ನಾನು ಪಾರ್ಟಿಗೆ ಹೇಳೋದು ಇದನ್ನು ನೋಡಿಯೇ. ಜಿಂಕ್ ಕೊಡುಗೈ ದಾನಿ. ಪದರ ಗೀರಿದರೂ ಕಬ್ಬಿಣಕ್ಕಿಂತ ಮೊದಲು ತಾನೇ ಎಲೆಕ್ಟ್ರಾನ್ ಕೊಟ್ಟು ಕರಗುತ್ತದೆ, ಕಬ್ಬಿಣ ಉಳಿಯುತ್ತದೆ. ನಿಕಲ್ ಹಾಗಲ್ಲ. ಅದರಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಅಡಿಯ ಕಬ್ಬಿಣವೇ ಕೊಡಬೇಕಾಗುತ್ತದೆ, ಬರೀ ಕಬ್ಬಿಣಕ್ಕಿಂತ ಬೇಗ ಅಲ್ಲಿ ತುಕ್ಕು ಏಳುತ್ತದೆ. ಹೊಳಪು ನೋಡಿ ಬೆರಗಾಗುವವರಿಗೆ ಇದನ್ನು ಒಪ್ಪಿಸೋದು ಕಷ್ಟ.

ಬಿದ್ದುಹೋದ ಜಾಬುಗಳು ನಿಕಲ್ ಟ್ಯಾಂಕಿನ ತಳದಲ್ಲಿ ಕರಗಿ ಸೊಲ್ಯೂಷನ್ನಿಗೆ ಕಬ್ಬಿಣ ಸೇರಿಸುತ್ತವೆ. ಪದರ ಒರಟಾಗುತ್ತದೆ, ಬಿರುಸಾಗುತ್ತದೆ. ಕಬ್ಬಿಣ 2, 8, 14, 2. ಹೊರಗಿನ ಎರಡನ್ನು ಕಳೆದುಕೊಂಡು ಎರಡು ಪ್ಲಸ್ ಆಗಿ ನೀರಲ್ಲಿ ಕೂತಿರುತ್ತದೆ, ಸುಮ್ನೆ ಸೋಸಿದರೆ ಬರೋದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ಹಾಕಿದರೆ ಅದು ಒಳಕವಚದ 14ರಿಂದ ಇನ್ನೊಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಕಬ್ಬಿಣ ಮೂರು ಪ್ಲಸ್ ಆದ ತಕ್ಷಣ ಕತೆ ಬದಲು. ಪಿಎಚ್ 4ರಲ್ಲೇ ಅದು ಹೈಡ್ರಾಕ್ಸೈಡ್ ಆಗಿ ಕಂದು ಬಣ್ಣದ ಲೋಳೆಯಾಗಿ ಹೊರಬೀಳುತ್ತದೆ, ನಿಕಲ್ ಕರಗಿಯೇ ಇರುತ್ತದೆ. ಫಿಲ್ಟರಿನ ಬಟ್ಟೆ ಬಿಚ್ಚಿದಾಗ ಅಂಟಿರುವ ಆ ಕಂದು ಲೋಳೆಯನ್ನು ಹುಡುಗರಿಗೆ ತೋರಿಸುತ್ತೇನೆ. ಒಂದು ಎಲೆಕ್ಟ್ರಾನಿನಿಂದ ಏನಾಗುತ್ತದೆ ಅಂತ ಅದಕ್ಕಿಂತ ಚೆನ್ನಾಗಿ ಹೇಳೋಕೆ ನನಗೆ ಬರೋದಿಲ್ಲ.

ಹೈಡ್ರೋಜನ್ ವಿಷಯ ಚಿಕ್ಕದಾಗಿ. ಅದರ ಅಯಾನೂ ಜಾಬಿನ ಬಳಿ ಎಲೆಕ್ಟ್ರಾನ್ ಪಡೆದು ಗುಳ್ಳೆಯಾಗುತ್ತದೆ. ಕೆಲವು ಪರಮಾಣು ಗುಳ್ಳೆಯಾಗದೆ ಉಕ್ಕಿನೊಳಗೆ ನುಸುಳುತ್ತವೆ. ಗಟ್ಟಿ ಮಾಡಿದ ಬೋಲ್ಟಾದರೆ ಆಮೇಲೆ ಬಿಗಿದಾಗ ಪಟ್ ಅಂತ ಮುರಿಯುತ್ತದೆ. ಅಂಥವನ್ನು ಪ್ಲೇಟಿಂಗ್ ಆದ ಕೆಲವೇ ಗಂಟೆಗಳೊಳಗೆ 190ರಿಂದ 220 ಡಿಗ್ರಿಯ ಓವನ್ನಿಗೆ ಹಾಕಿ ಗಂಟೆಗಟ್ಟಲೆ ಬೇಯಿಸುತ್ತೇವೆ.

ಕೊನೆಗೆ ಕ್ರೋಮ್. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಅದರಲ್ಲಿ ನಮ್ಮ ಕಸುಬಿನ ಪಾಲಿದೆ. ಕ್ರೋಮಿಕ್ ಆಸಿಡ್ಡಿನಲ್ಲಿ ಕ್ರೋಮಿಯಂನ ಲೆಕ್ಕ ಆರು ಪ್ಲಸ್. ಆರು ಎಲೆಕ್ಟ್ರಾನ್ ಹೋದ ಅಯಾನು ನೀರಲ್ಲಿ ಒಂಟಿಯಾಗಿ ಬಾಳುವುದಿಲ್ಲ, ಆಕ್ಸಿಜನ್‌ಗಳ ಜೊತೆ ಸೇರಿಕೊಂಡು ಮೈನಸ್ ಗುಂಪಾಗಿ ಓಡಾಡುತ್ತದೆ. ಕರಗಿಯೇ ಇರುತ್ತದೆ, ಕ್ಯಾನ್ಸರ್‌ಗೂ ಕಾರಣ. ತೊಳೆದ ನೀರನ್ನು ಪಿಎಚ್ 2ರಿಂದ 3ಕ್ಕೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕುತ್ತೇವೆ. ಅದು ಕ್ರೋಮಿಯಂಗೆ ಮೂರು ಎಲೆಕ್ಟ್ರಾನ್ ಕೊಡುತ್ತದೆ. ಕಿತ್ತಳೆ ಹಳದಿ ನೀರು ಕಣ್ಣೆದುರೇ ಹಸಿರಾಗುತ್ತದೆ. ಬಣ್ಣವನ್ನಷ್ಟೇ ನಂಬೋದಿಲ್ಲ. ಒಂದು ಚಿಕ್ಕ ಗ್ಲಾಸಿನಲ್ಲಿ ನೀರು ತೆಗೆದು ಡೈಫಿನೈಲ್ ಕಾರ್ಬಜೈಡ್ ಹನಿ ಹಾಕಿ ನೋಡುತ್ತೇವೆ. ನೇರಳೆ ಬಂದರೆ ಇನ್ನೂ ಆರು ಪ್ಲಸ್ ಉಳಿದಿದೆ, ಮತ್ತಷ್ಟು ಮೆಟಾಬೈಸಲ್ಫೈಟ್ ಹಾಕಿ ಕಲಕಬೇಕು. ಬಾರದಿದ್ದರೆ ಸುಣ್ಣ ಹಾಕಿ ಪಿಎಚ್ 8ರ ಮೇಲೆ ತಂದು, ಕೆಳಗೆ ಕೂತ ಹಸಿರು ಬೂದು ಕೆಸರನ್ನು ಫಿಲ್ಟರ್ ಪ್ರೆಸ್ಸಿಗೆ ಕಳಿಸುತ್ತೇವೆ.