ಖಾಲಿ ಹಾಸಿಗೆಯ ಖರ್ಚು ಯಾರ ಲೆಕ್ಕಕ್ಕೆ?

ಸರ್ಕಾರಿ ಆರೋಗ್ಯ ವಿಮೆಯಡಿ ಆಸ್ಪತ್ರೆಗಳಿಗೆ ಕೊಡುವ ಪ್ಯಾಕೇಜ್ ದರಗಳಿಗೆ (ಒಂದು ಚಿಕಿತ್ಸೆಗೆ ಒಟ್ಟಾರೆಯಾಗಿ ನಿಗದಿಮಾಡಿದ ಮೊತ್ತ) ವೆಚ್ಚದ ಲೆಕ್ಕ ಹಾಕುವುದು ನನ್ನ ಕೆಲಸವಾಗಿತ್ತು. ಬಿಲ್‌ಗಳ ಸರಾಸರಿ ತೆಗೆದರೆ ಮುಗಿಯಲಿಲ್ಲವೇ ಎಂದು ಕೇಳುವವರು ಬಹಳ. ಬಿಲ್ಲಿನಲ್ಲಿರುವುದು ಆಸ್ಪತ್ರೆ ಕೇಳುವ ಬೆಲೆ, ಅದಕ್ಕೆ ತಗಲಿದ ವೆಚ್ಚವಲ್ಲ.

ಹರ್ನಿಯಾ ಶಸ್ತ್ರಚಿಕಿತ್ಸೆಯನ್ನೇ ನೋಡಿ. ಮೆಶ್ (ದುರ್ಬಲ ಜಾಗಕ್ಕೆ ಆಸರೆಯಾಗಿ ಒಳಗೆ ಕೂರಿಸುವ ಬಲೆ), ಹೊಲಿಗೆ ದಾರ, ಅರಿವಳಿಕೆ ಔಷಧದ ಲೆಕ್ಕಕ್ಕೆ ಖರೀದಿ ರಶೀದಿ ಸಾಕು. ಸಿಬ್ಬಂದಿಯ ಸಮಯಕ್ಕೆ ರಶೀದಿ ಇರುವುದಿಲ್ಲ. ಎಷ್ಟು ಹೊತ್ತು ಬೇಕು ಎಂದರೆ ಶಸ್ತ್ರಚಿಕಿತ್ಸಕರು ಕತ್ತರಿಸಿ ಹೊಲಿಯುವ ನಿಮಿಷಗಳನ್ನಷ್ಟೇ ಹೇಳುತ್ತಾರೆ. ಆದ್ದರಿಂದ ಥಿಯೇಟರಿನ ಮೂಲೆಯಲ್ಲಿ ನಿಂತು, ರೋಗಿ ಒಳಬಂದ ಗಳಿಗೆಯಿಂದ ನೆಲ ಒರೆಸಿ ಮುಂದಿನವರಿಗೆ ಮೇಜು ಅಣಿಯಾಗುವವರೆಗೆ ಬರೆದುಕೊಳ್ಳುತ್ತಿದ್ದೆ. ಆ ಹೊತ್ತಿಗೂ ಸಂಬಳ ಸಂದಾಯವಾಗುತ್ತದೆ.

ಹಂಚಿಕೆಯ ಖರ್ಚುಗಳಿಗೆ ಅಳತೆಗೋಲು ಬೇಕು: ಬಟ್ಟೆ ಒಗೆಯುವುದಕ್ಕೆ ಕಿಲೋ, ವಿದ್ಯುತ್ತಿಗೆ ಕೊಠಡಿಯ ವಿಸ್ತೀರ್ಣ, ಆಡಳಿತಕ್ಕೆ ಸಿಬ್ಬಂದಿ ಸಂಖ್ಯೆ. ಇಲ್ಲಿ ತಕರಾರು ಕಡಿಮೆ. ಜಗಳ ಹತ್ತುವುದು ಹಾಸಿಗೆಯ ಹತ್ತಿರ. 100 ಹಾಸಿಗೆಗಳ ಆಸ್ಪತ್ರೆಯಲ್ಲಿ 80 ತುಂಬಿದ್ದರೂ 50 ತುಂಬಿದ್ದರೂ ಕಟ್ಟಡ, ಕಾಯಂ ನೌಕರರ ಖರ್ಚು ಹೆಚ್ಚುಕಡಿಮೆ ಅಷ್ಟೇ. ಎರಡನೆಯದರಲ್ಲಿ ಒಬ್ಬ ರೋಗಿಯ ತಲೆಗೆ ಬೀಳುವ ಪಾಲು ಮಾತ್ರ 1.6 ಪಟ್ಟು. ಇದ್ದದ್ದನ್ನು ಇದ್ದಂತೆ ಒಪ್ಪಿದರೆ ಖಾಲಿ ಹಾಸಿಗೆಗೂ ವಿಮೆಯೇ ಹಣ ತೆತ್ತಂತೆ. ಶೇ. 80 ಹಾಸಿಗೆ ತುಂಬಿವೆ ಎಂದೇ ಹಿಡಿದು ದರ ನಿಗದಿಪಡಿಸಿದರೆ ಜನವಸತಿ ವಿರಳವಾದ ಕಡೆಯ ಆಸ್ಪತ್ರೆ ಮುಳುಗುತ್ತದೆ, ಅಲ್ಲಿ ಹಾಸಿಗೆ ಖಾಲಿ ಇರುವುದು ಅದರ ತಪ್ಪೇನಲ್ಲ. ಮೂಲ ದರಕ್ಕೆ ಶೇ. 80 ಇರಲಿ, ದೂರದ ಆಸ್ಪತ್ರೆಗಳಿಗೆ ಪ್ರತ್ಯೇಕ ಭತ್ಯೆ ಇರಲಿ ಎಂದು ನಾನು ವಾದಿಸಿದೆ. ಎರಡನ್ನೂ ಒಂದೇ ದರದೊಳಗೆ ತುರುಕಿದರೆ ನಗರದ ಆಸ್ಪತ್ರೆಗೆ ಪುಕ್ಕಟೆ ಲಾಭ.

ಕಾಯಿಲೆ ಕಾಯಿಲೆಗೂ ಹೀಗೆ ದುಡಿಯುವುದು ಆಗದ ಮಾತು. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್ 1983ರಿಂದ ಹಿಡಿದ ದಾರಿ ಬೇರೆ: ಒಳರೋಗಿ ಪ್ರಕರಣಗಳನ್ನು ಗುಂಪು ಮಾಡಿ ಪ್ರತಿ ಗುಂಪಿಗೂ ಅದರ ವೆಚ್ಚಕ್ಕೆ ತಕ್ಕ ಒಂದು ತೂಕ (ಅಂಕ) ಕೊಡುತ್ತದೆ, ಅದನ್ನು ಮೂಲ ದರದಿಂದ ಗುಣಿಸುತ್ತದೆ. ರೋಗಿಯನ್ನು ಬೇಗ ಮನೆಗೆ ಕಳುಹಿಸಿದಷ್ಟೂ ಆಸ್ಪತ್ರೆಗೆ ಉಳಿತಾಯ, ಆದ್ದರಿಂದ ಮರುದಾಖಲಾತಿಯ ಮೇಲೆ ಕಣ್ಣಿಡಲೇಬೇಕು. ಥಾಯ್ಲೆಂಡಿನ ಸಾರ್ವತ್ರಿಕ ಯೋಜನೆಯಲ್ಲಿ ಒಳರೋಗಿಗಳಿಗೆ ಒಟ್ಟು ಬಜೆಟ್ಟೇ ಮೊದಲು ನಿಗದಿ, ಪ್ರಕರಣಗಳು ಹೆಚ್ಚಿದರೆ ಪ್ರತಿ ಅಂಕ ತೂಕಕ್ಕೆ ಸಿಗುವ ಹಣ ಇಳಿಯುತ್ತದೆ.

ನಮ್ಮ ಲೆಕ್ಕವೂ ಕೊನೆಗೆ ಬಜೆಟ್ಟಿನ ಮುಂದೆ ನಿಂತಿತು. ದರ ಕಡಿತಗೊಳಿಸುವುದಾದರೆ ಎಲ್ಲ ಪ್ಯಾಕೇಜ್‌ಗಳಿಗೂ ಸಮನಾಗಿ ಬೇಡ ಎಂದೆ. ಮೆಶ್ಶಿನ ಬೆಲೆ ಚೌಕಾಸಿಗೆ ಬಗ್ಗುತ್ತದೆ, ದಾದಿಯರ ಸಂಬಳ ಬಗ್ಗುವುದಿಲ್ಲ.