ಡೆಬಿಯನ್ ಪ್ಯಾಕೇಜಿಗೆ ಹೊಸ ಆವೃತ್ತಿ ತರುವುದು ಹೇಗೆ?

ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ನಾವು ಬಳಸುವ ತಂತ್ರಾಂಶಗಳಲ್ಲಿ ಬಹುಪಾಲು ಡೆಬಿಯನ್‌ನವರು ಬರೆದವಲ್ಲ. ಬೇರೆಯವರು ಬರೆದುದನ್ನು ತಂದು, ಈ ವ್ಯವಸ್ಥೆಯ ನಿಯಮಗಳಿಗೆ ಹೊಂದಿಸಿ, ಡೆಬ್ ಎಂಬ, ನೇರವಾಗಿ ಅನುಸ್ಥಾಪಿಸಬಹುದಾದ ಕಡತವಾಗಿ ಕಟ್ಟಿಕೊಡುವುದು ಪ್ಯಾಕೇಜ್ ನಿರ್ವಾಹಕರ ಕೆಲಸ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಒಂದು ಆಜ್ಞೆ ಕೊಟ್ಟೊಡನೆ ನಮ್ಮ ಗಣಕಕ್ಕೆ ಇಳಿಯುವುದು ಇಂಥವರ ದುಡಿಮೆಯಿಂದಲೇ. ಅಪ್‌ಸ್ಟ್ರೀಮ್, ಅಂದರೆ ಮೂಲ ಲೇಖಕರು, ಹೊಸ ಆವೃತ್ತಿಯನ್ನು ಹೊರತಂದಾಗ ಹೊಸ ನಿರ್ವಾಹಕರು ಚೇಂಜ್‌ಲಾಗ್‌ನಲ್ಲಿ, ಅಂದರೆ ಬದಲಾವಣೆಗಳ ದಾಖಲೆಯಲ್ಲಿ, ಆವೃತ್ತಿಯ ಅಂಕಿ ತಿದ್ದಿ, ತಮ್ಮ ಲ್ಯಾಪ್‌ಟಾಪಿನಲ್ಲೇ ಕಟ್ಟಿ, ತಂತ್ರಾಂಶ ತೆರೆದುಕೊಂಡರೆ ಸಾಕೆಂದು ಕಳುಹಿಸಿಬಿಡುತ್ತಾರೆ. ಅಂಥ ಪ್ಯಾಕೇಜುಗಳನ್ನು ಹಿಂದಿರುಗಿಸಿ ಸಾಕಾಗಿರುವುದರಿಂದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಡೆವ್‌ಸ್ಕ್ರಿಪ್ಟ್ಸ್ (ನಿರ್ವಾಹಕರ ಸಣ್ಣ ಸಾಧನಗಳ ಕಟ್ಟು), ಕ್ವಿಲ್ಟ್ (ಪ್ಯಾಚುಗಳನ್ನು, ಅಂದರೆ ಮೂಲ ಕೋಡಿಗೆ ನಾವು ಮಾಡುವ ತಿದ್ದುಪಡಿಗಳನ್ನು, ಹಚ್ಚುವ ಸಾಧನ), ಎಸ್‌ಬಿಲ್ಡ್ (ಪ್ಯಾಕೇಜು ಕಟ್ಟುವ ಸಾಧನ) ಮತ್ತು ಲಿಂಟಿಯನ್ (ಪ್ಯಾಕೇಜಿನ ತಪ್ಪು ಹುಡುಕುವ ಸಾಧನ) ನಿಮ್ಮಲ್ಲಿರಲಿ. ಒಂದೇ ಆಜ್ಞೆಯಲ್ಲಿ ಡೆಬ್ ಮಾಡಿಕೊಡುತ್ತೇವೆನ್ನುವ ಸಾಧನಗಳ ಗೊಡವೆಗೆ ಹೋಗಬೇಡಿ. ಅವು ಅವಲಂಬನೆಗಳನ್ನು, ಅಂದರೆ ತಂತ್ರಾಂಶಕ್ಕೆ ಬೇಕಾದ ಇತರ ಪ್ಯಾಕೇಜುಗಳನ್ನು, ಸರಿಯಾಗಿ ದಾಖಲಿಸದ ಕಾರಣ ನಿಮ್ಮ ಯಂತ್ರದಲ್ಲಿ ನಡೆದದ್ದು ಇನ್ನೊಬ್ಬರಲ್ಲಿ ನಡೆಯುವುದಿಲ್ಲ.

ಮೊದಲು ಡೆವ್‌ಸ್ಕ್ರಿಪ್ಟ್ಸ್‌ನಲ್ಲಿರುವ ಯುಸ್ಕ್ಯಾನ್ ಓಡಿಸಿ ಹೊಸ ಟಾರ್‌ಬಾಲನ್ನು, ಅಂದರೆ ಮೂಲ ಕೋಡಿನ ಕಟ್ಟನ್ನು, ಇಳಿಸಿಕೊಳ್ಳಿ. ಅಪ್‌ಸ್ಟ್ರೀಮ್‌ನ ಡಿಜಿಟಲ್ ಸಹಿಯ ಕೀಲಿ ಪ್ಯಾಕೇಜಿನಲ್ಲಿದ್ದರೆ ಸಹಿಯ ಪರೀಕ್ಷೆಯೂ ಅಲ್ಲೇ ಮುಗಿಯುತ್ತದೆ. ಆದರೆ ಸಹಿ ಸರಿಯಿದ್ದಮಾತ್ರಕ್ಕೆ ಒಳಗಿರುವುದೆಲ್ಲ ಸರಿಯೆಂದು ತಿಳಿಯಬಾರದು. 2024ರ ಮಾರ್ಚ್‌ನಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಯುಟಿಲ್ಸ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಪತ್ತೆಯಾದಾಗ, ಅದನ್ನು ಚಾಲೂ ಮಾಡುತ್ತಿದ್ದ ಎಂ4 ಸ್ಕ್ರಿಪ್ಟ್ (ಕಟ್ಟುವ ಹಂತದಲ್ಲಿ ಬಳಕೆಯಾಗುವ ಕಡತ) ಟಾರ್‌ಬಾಲಿನಲ್ಲಿತ್ತೇ ಹೊರತು ಕೋಡಿನ ಇತಿಹಾಸವನ್ನು ಇಡುವ ಗಿಟ್ ಭಂಡಾರದಲ್ಲಿರಲಿಲ್ಲ. ಆದ್ದರಿಂದ ಹಳೆಯ ಮತ್ತು ಹೊಸ ಟಾರ್‌ಬಾಲುಗಳ ನಡುವಿನ ಡಿಫ್, ಅಂದರೆ ವ್ಯತ್ಯಾಸಗಳ ಪಟ್ಟಿ, ತೆಗೆದು ಓದಿ. ಟಾರ್‌ಬಾಲನ್ನು ಗಿಟ್‌ನಲ್ಲಿ ಅದೇ ಆವೃತ್ತಿಯನ್ನು ಗುರುತಿಸುವ ಟ್ಯಾಗಿನೊಂದಿಗೂ ಹೋಲಿಸಿ. ಹೊಸದಾಗಿ ಸೇರಿದ ಕಡತಗಳ ಪರವಾನಗಿ ಬೇರೆಯಿದ್ದರೆ ಕಾಪಿರೈಟ್ ಕಡತವನ್ನು ಆಗಲೇ ತಿದ್ದಿಬಿಡಿ, ಕೊನೆಗೆ ನೋಡೋಣವೆಂದರೆ ಅದು ಖಂಡಿತ ಮರೆತುಹೋಗುತ್ತದೆ.

ಆವೃತ್ತಿಯ ಸಂಖ್ಯೆಯಲ್ಲಿ ಒಂದು ಮಾತು. 2.0ಕ್ಕೂ ಮುಂಚಿನ ಪರೀಕ್ಷಾ ಆವೃತ್ತಿಯನ್ನು 2.0ಆರ್‌ಸಿ1 ಎಂದು ಬರೆದರೆ ಡೆಬಿಯನ್ ಅದನ್ನು 2.0ಗಿಂತ ಹೊಸದೆಂದು ಎಣಿಸುತ್ತದೆ, ಮುಂದೆ ನಿಜವಾದ 2.0 ಬಂದಾಗ ಬಳಕೆದಾರರಿಗೆ ಅದು ತಲುಪುವುದೇ ಇಲ್ಲ. ನಡುವೆ ಟಿಲ್ಡೆ ಹಾಕಿ 2.0~ಆರ್‌ಸಿ1 ಎಂದು ಬರೆಯಿರಿ. ಎಡವಿದ ಮೇಲೆ ಇಪಾಕ್ ಅನ್ನು, ಅಂದರೆ ಆವೃತ್ತಿಯ ಮುಂದೆ ಸೇರಿಸುವ ಅಂಕಿಯನ್ನು, ಏರಿಸಿ ಪಾರಾಗಬಹುದೆಂದು ಕೆಲವರು ಹೇಳುತ್ತಾರೆ. ಒಮ್ಮೆ ಸೇರಿಸಿದ ಇಪಾಕನ್ನು ಆ ಹೆಸರಿನ ಪ್ಯಾಕೇಜು ಇರುವವರೆಗೂ ಹೊರಬೇಕಾಗುವುದರಿಂದ ನಾನು ಅದಕ್ಕೆ ಎಂದೂ ಒಪ್ಪುವುದಿಲ್ಲ.

ಇನ್ನು ಹೆಚ್ಚಿನವರು ಕೆಡಿಸಿಕೊಳ್ಳುವ ಹಂತ, ಪ್ಯಾಚುಗಳದು. ಡೆಬಿಯನ್ ಡೈರೆಕ್ಟರಿಯೊಳಗಿನ ಪ್ಯಾಚುಗಳು ಹಳೆಯ ಆವೃತ್ತಿಯ ಸಾಲುಗಳಿಗೆ ತಕ್ಕಂತೆ ಬರೆದವು. ಅವನ್ನು ಒಟ್ಟಿಗೆ ಹಚ್ಚದೆ, ಕ್ವಿಲ್ಟ್ ಪುಶ್ ಆಜ್ಞೆಯಿಂದ ಒಂದೊಂದಾಗಿ ಹಚ್ಚುತ್ತಾ ಪ್ರತಿ ಸಲವೂ ತೆರೆಯ ಮೇಲಿನ ಉತ್ತರವನ್ನು ಓದಿ. ಸಾಲುಗಳು ಸರಿದಿವೆಯೆಂದು ಆಫ್‌ಸೆಟ್ ಮಾತ್ರ ತೋರಿಸಿದರೆ ಹೆಚ್ಚಿನ ಚಿಂತೆಯಿಲ್ಲ. ಫಝ್ ಎಂಬ ಪದ ಕಂಡಲ್ಲಿ ನಿಲ್ಲಿ: ಸುತ್ತಲಿನ ಸಾಲುಗಳು ಪೂರ್ತಿ ಹೊಂದದಿದ್ದರೂ ಅಂದಾಜಿನ ಮೇಲೆ ಪ್ಯಾಚನ್ನು ಎಲ್ಲೋ ಕೂರಿಸಲಾಗಿದೆ ಎಂದು ಅದರ ಅರ್ಥ. ಫಝ್ ಇರುವ ಪ್ಯಾಚನ್ನು ಸೋರ್ಸ್ ಪ್ಯಾಕೇಜು ಕಟ್ಟುವ ಡಿಪಿಕೆಜಿ-ಸೋರ್ಸ್ ಒಪ್ಪದ ಕಾರಣ ಆತುರಗಾರರು ತಕ್ಷಣ ಕ್ವಿಲ್ಟ್ ರಿಫ್ರೆಶ್ ಮಾಡಿ ಪ್ಯಾಚನ್ನು ಅದು ಕೂತ ಜಾಗಕ್ಕೆ ತಕ್ಕಂತೆ ಹೊಸದಾಗಿ ಬರೆಸುತ್ತಾರೆ. ಎಚ್ಚರಿಕೆ ಮಾಯವಾಗುತ್ತದೆ, ತಪ್ಪು ಜಾಗ ಮಾತ್ರ ಹಾಗೇ ಉಳಿಯುತ್ತದೆ. ನಾನೂ ಒಮ್ಮೆ ಹೀಗೆ ಮಾಡಿದ್ದೆ. ಸಂರಚನಾ (ಸೆಟ್ಟಿಂಗುಗಳ) ಕಡತವನ್ನು ಇಟಿಸಿ ಡೈರೆಕ್ಟರಿಯಲ್ಲಿ ಹುಡುಕಬೇಕೆಂಬ ಒಂದೇ ಸಾಲಿನ ಪ್ಯಾಚು, ಅಪ್‌ಸ್ಟ್ರೀಮ್ ಹೊಸದಾಗಿ ಸೇರಿಸಿದ್ದ, ನೋಡಲು ಅವಳಿಯಂತಿದ್ದ ಇನ್ನೊಂದು ಫಂಕ್ಷನ್ನಿನಲ್ಲಿ ಹೋಗಿ ಕೂತಿತ್ತು. ಕಂಪೈಲ್ ಆಯಿತು, ತಂತ್ರಾಂಶ ತೆರೆಯಿತು, ಬಳಕೆದಾರರ ಸೆಟ್ಟಿಂಗುಗಳನ್ನು ಮಾತ್ರ ಅದು ಓದುತ್ತಿರಲಿಲ್ಲ. ಎರಡು ವಾರ ಕಳೆದ ಮೇಲೆ ಒಬ್ಬರು ದೂರು ಬರೆದಾಗಲೇ ನನಗೆ ಗೊತ್ತಾದದ್ದು.

ಹಾಗಾಗಿ ಫಝ್ ಕಂಡರೆ ಕಡತವನ್ನು ತೆರೆದು, ಸಾಲು ಸರಿಯಾದ ಜಾಗದಲ್ಲಿದೆಯೆಂದು ಕಣ್ಣಾರೆ ನೋಡಿದ ನಂತರವೇ ರಿಫ್ರೆಶ್ ಮಾಡಿ. ಪ್ಯಾಚು ಹಚ್ಚಲೇ ಬಾರದಿದ್ದರೆ ಬಲವಂತವಾಗಿ ಪುಶ್ ಮಾಡಿ, ಹಚ್ಚಲಾಗದ ಭಾಗಗಳಿರುವ, ಹಿಂದೆ ಉಳಿಯುವ ರಿಜೆಕ್ಟ್ ಕಡತವನ್ನು ನೋಡಿಕೊಂಡು ಬದಲಾವಣೆಯನ್ನು ಕೈಯಾರೆ ಬರೆಯಿರಿ. ಈಗಾಗಲೇ ಹಚ್ಚಿದಂತಿದೆ ಎಂಬ ಸಂದೇಶ ಬಂದರೆ ಅಪ್‌ಸ್ಟ್ರೀಮ್‌ನವರು ನಿಮ್ಮ ತಿದ್ದುಪಡಿಯನ್ನು ಸ್ವೀಕರಿಸಿರಬಹುದು. ಅದನ್ನು ಖಚಿತಪಡಿಸಿಕೊಂಡು ಪ್ಯಾಚನ್ನು ಸಂತೋಷದಿಂದ ಅಳಿಸಿ. ಉಳಿದ ಪ್ರತಿಯೊಂದರ ತಲೆಯಲ್ಲೂ ಅದು ಏಕಿದೆ, ಬರೆದವರು ಯಾರು, ಅಪ್‌ಸ್ಟ್ರೀಮ್‌ಗೆ ಕಳುಹಿಸಲಾಗಿದೆಯೇ ಎಂಬ ವಿವರವಿರಲಿ. ವಿವರವಿಲ್ಲದ ಪ್ಯಾಚನ್ನು ಮುಂದೆ ಅಳಿಸಲೂ ಧೈರ್ಯ ಬರುವುದಿಲ್ಲ, ಇಟ್ಟುಕೊಳ್ಳಲೂ ಕಾರಣ ಸಿಗುವುದಿಲ್ಲ.

ಕಟ್ಟುವುದು ಎಸ್‌ಬಿಲ್ಡ್‌ನ ಶುದ್ಧ ಕ್ರೂಟ್‌ನಲ್ಲೇ, ಅಂದರೆ ನಿಮ್ಮ ಗಣಕದಿಂದ ಬೇರ್ಪಟ್ಟ ಬರಿಯ ಡೆಬಿಯನ್ ಪರಿಸರದಲ್ಲೇ ಆಗಲಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಂದೋ ಹಾಕಿಟ್ಟ ನೂರಾರು ಲೈಬ್ರರಿಗಳಿರುವುದರಿಂದ ಬಿಲ್ಡ್-ಡಿಪೆಂಡ್ಸ್‌ನಲ್ಲಿ (ಕಟ್ಟಲು ಬೇಕಾದ ಪ್ಯಾಕೇಜುಗಳ ಪಟ್ಟಿಯಲ್ಲಿ) ಬಿಟ್ಟುಹೋದ ಹೆಸರು ಅಲ್ಲಿ ಗೊತ್ತಾಗುವುದೇ ಇಲ್ಲ. ನಂತರ ಲಿಂಟಿಯನ್ ಓಡಿಸಿ. ಅದರ ದೂರುಗಳನ್ನು ಓವರ್‌ರೈಡ್ (ಇದನ್ನು ಕಡೆಗಣಿಸು ಎಂಬ ಸೂಚನೆ) ಬರೆದು ಬಾಯಿ ಮುಚ್ಚಿಸುವುದನ್ನು ನಾನು ಕೆಲಸವೆಂದು ಕರೆಯುವುದಿಲ್ಲ.

ಹಳೆಯ ಆವೃತ್ತಿಯ ಮೇಲೆ ಹೊಸದನ್ನು ಅನುಸ್ಥಾಪಿಸಿ ನೋಡಿ, ಡೆಬಿಯನ್‌ಗೆ ಕಡತ ಕಳುಹಿಸುವ ಡಿಪುಟ್ ಮೂಲಕ ಸೋರ್ಸನ್ನು (ಮೂಲ ಕೋಡಿನ ಪ್ಯಾಕೇಜನ್ನು) ಮಾತ್ರ ಕಳುಹಿಸಿ. 2019ರಲ್ಲಿ ಡೆಬಿಯನ್ 10 ಬಂದಾಗಿನಿಂದ ನಿರ್ವಾಹಕರು ತಾವೇ ಕಟ್ಟಿ ಕಳುಹಿಸಿದ ಬೈನರಿಗಳನ್ನು (ಕಟ್ಟಿದ ಡೆಬ್ ಕಡತಗಳನ್ನು) ಟೆಸ್ಟಿಂಗ್ ಶಾಖೆಗೆ, ಅಂದರೆ ಮುಂದಿನ ಬಿಡುಗಡೆ ಸಿದ್ಧವಾಗುವ ಶಾಖೆಗೆ, ದಾಟಿಸುವುದಿಲ್ಲ. ಕಳುಹಿಸುವ ಹಕ್ಕು ಇನ್ನೂ ಸಿಕ್ಕಿರದವರು ಪ್ರಾಯೋಜಕರೊಬ್ಬರನ್ನು ಕೇಳಿಕೊಳ್ಳಬೇಕಾಗುತ್ತದೆ, ಅವರು ಮೊದಲು ತೆರೆದು ನೋಡುವುದು ಪ್ಯಾಚುಗಳ ಡೈರೆಕ್ಟರಿಯನ್ನೇ.